ಡೀಸೆಲ್ ಹೋಗುವುದೆಲ್ಲಿಗೆ?

9 ಜುಲೈ 2023, ಭಾನುವಾರ, ಕಾರವಾರ

ಮೀನುಗಾರಿಕೆ ನಿಷೇಧ ಮುಗಿಯಲು ಇನ್ನೂ ಮೂರು ವಾರ. ಬೈತಖೋಲದಲ್ಲಿ ಬೋಟುಗಳೆಲ್ಲ ತಾಡಪಾಲು ಹೊದ್ದು ನಿಂತಿವೆ. ಭಾವನ ಬೋಟಿನ ಎಂಜಿನ್ ಕೆಲಸ ನಡೆದಿತ್ತು, ಮಳೆ ಸ್ವಲ್ಪ ಬಿಟ್ಟ ಮೇಲೆ ಹೋದೆ. ಮೇಸ್ತ್ರಿ ಕೂಲರ್ ಬಿಚ್ಚಿ, ಒಳಗಿನ ಕೊಳವೆಗಳಿಗೆ ತಂತಿ ಬ್ರಷ್ ತೂರಿಸಿ ತಿಕ್ಕುತ್ತಿದ್ದ. ಒಂದೆರಡರಲ್ಲಿ ಬಿಳಿ ಹಕ್ಕಳೆ ಕಟ್ಟಿ ಬೆಳಕೇ ಕಾಣದಂತಾಗಿತ್ತು. ಕೊಳವೆಯೊಳಗೆ ಸಮುದ್ರದ ನೀರು, ಹೊರಗೆ ಎಂಜಿನ್ನಿನ ಬಿಸಿನೀರು; ಶಾಖ ದಾಟುವುದು ಅಲ್ಲಿ.

“ದುಡ್ಡು ಕೊಟ್ಟು ಡೀಸೆಲ್ ಹಾಕುವುದು ನಾವು, ಅರ್ಧಕ್ಕಿಂತ ಹೆಚ್ಚು ಹೊಗೆಗೂ ಸಮುದ್ರಕ್ಕೂ ಹೋಗ್ತದೆ. ಇದೆಂಥ ಎಂಜಿನ್ನು ಮಾರಾಯಾ?” ಎಂದ ಭಾವ.

ಲೆಕ್ಕ ಸರಿಯೇ. ಒಳ್ಳೆಯ ಡೀಸೆಲ್ ಎಂಜಿನ್ನಿನಲ್ಲೂ ಇಂಧನದ ಶಾಖದಲ್ಲಿ ಶೇ. 40ರ ಆಸುಪಾಸು ಮಾತ್ರ ಬೋಟನ್ನು ಮುಂದೆ ತಳ್ಳುವ ಫ್ಯಾನ್ ತಿರುಗಿಸಲು ಸಿಗುತ್ತದೆ. ಆದರೆ ಬೈಗುಳ ಪೂರ್ತಿ ಎಂಜಿನ್ನಿಗೆ ಸಲ್ಲುವುದಿಲ್ಲ. ಬಿಸಿ ಅನಿಲ ಪಿಸ್ಟನ್ನನ್ನು ತಳ್ಳಿತು ಅನ್ನಿ. ಇನ್ನೊಮ್ಮೆ ತಳ್ಳಬೇಕಾದರೆ ಪಿಸ್ಟನ್ ವಾಪಸ್ ಬರಬೇಕಲ್ಲ? ಅನಿಲ ಅಷ್ಟೇ ಬಿಸಿಯಾಗಿ ಉಳಿದರೆ ಅದನ್ನು ಒತ್ತಲು ಗಳಿಸಿದ್ದೆಲ್ಲ ಖರ್ಚು. ಹಾಗಾಗಿ ಒಂದಿಷ್ಟು ಶಾಖವನ್ನು ತಣ್ಣಗಿನ ಜಾಗಕ್ಕೆ ಬಿಡಲೇಬೇಕು. ಉಷ್ಣಗತಿಶಾಸ್ತ್ರದ ಎರಡನೇ ನಿಯಮದ ಪಟ್ಟು ಇದೇ. ಘರ್ಷಣೆ ಸೊನ್ನೆಯಾದರೂ ಈ ಸುಂಕ ತಪ್ಪುವುದಿಲ್ಲ.

1824ರಲ್ಲಿ ಇದರ ಬುಡ ಹಿಡಿದವನು ಫ್ರಾನ್ಸಿನ ಸಾದಿ ಕಾರ್ನೋ. ಶಾಖ ಬಿಸಿಯಿಂದ ತಂಪಿಗೆ ಇಳಿಯುವಾಗ ಕೆಲಸ ಹುಟ್ಟುತ್ತದೆ, ಮೇಲಿನಿಂದ ಬೀಳುವ ನೀರು ಚಕ್ರ ತಿರುಗಿಸಿದಂತೆ ಎಂದ. ಮೇಲೆ ಬಂದಷ್ಟೇ ಶಾಖ ಕೆಳಗೂ ತಲುಪುತ್ತದೆ ಎಂದುಕೊಂಡಿದ್ದು ಮಾತ್ರ ತಪ್ಪು. ಕೆಲಸವಾದಷ್ಟು ಶಾಖ ಕಡಿಮೆಯಾಗುತ್ತದೆ. ತಪ್ಪು ಕಲ್ಪನೆ ಇಟ್ಟುಕೊಂಡೂ, ಶಾಖದಿಂದ ಹೆಚ್ಚೆಂದರೆ ಎಷ್ಟು ಕೆಲಸ ಗಿಟ್ಟೀತು ಎಂಬ ಸರಿಯಾದ ಮಿತಿ ಕಂಡುಕೊಂಡ ಪುಣ್ಯಾತ್ಮ! 36ನೇ ವಯಸ್ಸಿಗೇ ಕಾಲರಾಕ್ಕೆ ತೀರಿಕೊಂಡ. 1850ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲೌಸಿಯಸ್ ಆ ಎಡವಟ್ಟು ಸರಿಪಡಿಸಿದ.

ಈ ನೀರಿನ ಮಾತು ನಮ್ಮ ಕಾಳಿ ನದಿಯಲ್ಲೇ ನೋಡಬಹುದು. ಕದ್ರಾ ಅಣೆಕಟ್ಟಿನಂಥ ಕಡೆ ಟರ್ಬೈನು ನೀರಿನ ಶಕ್ತಿಯಲ್ಲಿ ಶೇ. 90ರಷ್ಟನ್ನು ಹಿಡಿಯಬಲ್ಲದು. ಅದೇ ಜಲಾಶಯದ ದಂಡೆಯ ಕೈಗಾ ಅಣುಸ್ಥಾವರದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ; ಅಲ್ಲಿ ಹುಟ್ಟಿದ ಶಾಖದಲ್ಲಿ ವಿದ್ಯುತ್ತಾಗುವುದು ಶೇ. 30ಕ್ಕೂ ತುಸು ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಕದ್ರಾದ ನೀರಿಗೆ. ಹಾಗೆಂದು ಕೈಗಾದವರನ್ನು ದಡ್ಡರೆನ್ನಲಾದೀತೇ? ಸ್ಥಾವರದ ಒಳಗಿನಿಂದ ಶಾಖ ಹೊತ್ತು ತರುವ ಭಾರಜಲವನ್ನು ಕುದಿಯದಂತೆ ಒತ್ತಡದಲ್ಲಿ ಇಟ್ಟಿರಬೇಕು, ಆದ್ದರಿಂದ ಹಬೆಯ ತಾಪ ಸುಮಾರು 250 ಡಿಗ್ರಿಗೆ ನಿಲ್ಲುತ್ತದೆ. ಈ ಲೆಕ್ಕಕ್ಕೆ ಬೇಕಾದ ಕೆಲ್ವಿನ್ ಮಾನದಲ್ಲಿ, ಅಂದರೆ 273 ಕೂಡಿಸಿದರೆ, 523. ತಂಪಿನ ಕಡೆ 30 ಡಿಗ್ರಿ, ಅಂದರೆ 303. ಕಾರ್ನೋನ ಮಿತಿ ಬೇಕಾದರೆ ವ್ಯತ್ಯಾಸ 220ನ್ನು ಬಿಸಿಯ ಕಡೆಯ 523ರಿಂದ ಭಾಗಿಸಿ: ಶೇ. 42. ದೇವರೇ ಬಂದು ಕಟ್ಟಿದರೂ ಅದಕ್ಕಿಂತ ಹೆಚ್ಚು ಗಿಟ್ಟದು.

ಹಾಗಾದರೆ ಸಮುದ್ರದ ಶಾಖವನ್ನೇ ಎತ್ತಿ ಬೋಟು ಓಡಿಸಬಾರದೇಕೆ? ಅರಬ್ಬಿ ಸಮುದ್ರದಲ್ಲಿ ಶಾಖಕ್ಕೇನು ಬರ! ಇಳಿಯಲು ತಣ್ಣಗಿನ ಜಾಗ ಬೇಕು, ಅಷ್ಟೇ. ಸಾವಿರ ಮೀಟರ್ ಆಳದಲ್ಲಿ ಅದೂ ಇದೆ ಅನ್ನಿ, ಆದರೆ ಮೇಲೆ 28 ಡಿಗ್ರಿ, ಕೆಳಗೆ ಎಂಟೋ ಹತ್ತೋ ಇದ್ದರೆ ಕಾರ್ನೋ ಮಿತಿಯೇ ಶೇ. 6–7. ಅಷ್ಟಕ್ಕೆ ಆಳದ ನೀರು ಮೇಲೆತ್ತುವ ಪಂಪಿನ ಖರ್ಚು ಬೇರೆ.