ಎರಡು ವರ್ಷ ಸೋರಿದ ಹ್ಯಾಚ್

ನಮ್ಮ ಹಾಯಿದೋಣಿಯ ಮುಂಭಾಗದಲ್ಲಿ, ಸರಿಯಾಗಿ ಹಾಸಿಗೆಯ ಮೇಲೇ ಒಂದು ಹ್ಯಾಚ್ ಇದೆ. ಡೆಕ್ಕಿನಲ್ಲಿ ಕೊರೆದ ಚೌಕ ಕಿಂಡಿ, ಅದಕ್ಕೊಂದು ಅಲ್ಯೂಮಿನಿಯಂ ಚೌಕಟ್ಟು, ಮೇಲೆತ್ತಿ ತೆರೆಯುವ ಅಕ್ರಿಲಿಕ್ ಮುಚ್ಚಳ. ಊರಿನ ಮನೆಯ ಬೆಳಕಿಂಡಿ ಅಂದುಕೊಳ್ಳಿ, ಆದರೆ ಇದರ ಮೇಲೆ ಅಲೆಯೂ ಬಡಿಯುತ್ತದೆ, ನಾವೂ ಹತ್ತಿ ನಿಲ್ಲುತ್ತೇವೆ. ದೋಣಿ 1970ರ ದಶಕದ್ದು, 26 ಅಡಿ ಉದ್ದ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನ ಒಳಮೂಲೆಯಲ್ಲಿ ಇರುತ್ತದೆ. ಇಳಿತ ಬಂದರೆ ಅಲ್ಲಿ ಬರೀ ಕೆಸರು. ಅಡಿಯಲ್ಲಿ ಎರಡು ಕೀಲ್ (ತಳದಿಂದ ಕೆಳಕ್ಕೆ ಚಾಚಿದ ರೆಕ್ಕೆಯಂಥ ಭಾಗ) ಇರುವುದರಿಂದ ದೋಣಿ ಸುಮ್ನೆ ಕಾಲೂರಿ ನಿಂತುಬಿಡುತ್ತದೆ.

ಈ ಹ್ಯಾಚ್ ಎರಡು ವರ್ಷ ಸೋರಿತು. ಮೊದಲ ವರ್ಷ ಚೌಕಟ್ಟಿನ ಸುತ್ತ ಒಂದು ಟ್ಯೂಬ್ ಸಿಲಿಕೋನ್ ಬಳಿದೆ, ಎರಡನೇ ವರ್ಷ ಅದರ ಮೇಲೇ ಇನ್ನೊಂದು ಟ್ಯೂಬ್. ದಡ್ಡತನ. ಹಳೆ ಸಿಲಿಕೋನ್ ಮೇಲೆ ಏನೂ ಸರಿಯಾಗಿ ಹಿಡಿಯುವುದಿಲ್ಲ, ಕಿತ್ತ ಮೇಲೂ ಅದರ ಜಿಡ್ಡು ಉಳಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡರೆ ಅವರು ನಕ್ಕರು. "ಹನಿ ಬೀಳೋ ಜಾಗ ನೋಡಿ ಏನು ಬಂತು ಮಾರಾಯ್ತಿ, ಹಂಚು ಒಡೆದಿದ್ದು ಒಂದು ಕಡೆ, ನೀರು ಪಕಾಸಿ ಹಿಡ್ಕೊಂಡು ಇಳಿಯೋದು ಇನ್ನೊಂದು ಕಡೆ" ಅಂದರು.

ಅಕ್ರಿಲಿಕ್ ತುಂಬಾ ಕೂದಲೆಳೆ ಬಿರುಕು ಬಂದಿತ್ತು, ಚೌಕಟ್ಟೂ ಪುಡಿಪುಡಿ. ಹಾಗಾಗಿ ಈ ಚಳಿಗಾಲದಲ್ಲಿ ದೋಣಿಯನ್ನು ದಡಕ್ಕೆತ್ತಿಸಿ ಹೊಸ ಹ್ಯಾಚ್ ತಂದೆವು. ಅದಕ್ಕೆ ಕಿಂಡಿ ಸುತ್ತಲೂ 10 ಮಿಲಿಮೀಟರ್ ದೊಡ್ಡದು ಬೇಕಿತ್ತು. ಡೆಕ್ಕಿಗೆ ಜಿಗ್‌ಸಾ ಹಚ್ಚುವಾಗ ಕೈ ನಡುಗಿತು ನಿಜ, ಆದರೆ ಕೊಯ್ದಿದ್ದೇ ಒಳ್ಳೆಯದಾಯಿತು. ನಮ್ಮ ಡೆಕ್ ಎಂದರೆ ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರ. ಆ ಬಾಲ್ಸಾ ಕಪ್ಪಗಾಗಿ, ನೆನೆಸಿಟ್ಟ ಅವಲಕ್ಕಿಯ ಹಾಗೆ ಕೈಗೆ ಬಂತು. ಡ್ರಿಲ್ಲಿಗೆ ಬಗ್ಗಿಸಿದ ಮೊಳೆ ಸಿಕ್ಕಿಸಿ ಸುತ್ತಲೂ ಎರಡು ಇಂಚು ಒಳಗಿನವರೆಗೆ ಕೆರೆದೆ, ಒಂದು ವಾರ ಹೀಟರ್ ಇಟ್ಟು ಒಣಗಿಸಿದೆ, ಆಮೇಲೆ ಆ ಸಂದಿಗೆಲ್ಲ ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿದೆ. ವಡೆ ಹಿಟ್ಟಿನ ಹದ ಇರಬೇಕು, ದೋಸೆ ಹಿಟ್ಟಾದರೆ ಎಲ್ಲಾ ಇಳಿದು ಕೆಳಗಿನ ಹಾಸಿಗೆ ಸೇರುತ್ತದೆ.

ಹೊಸ ಚೌಕಟ್ಟನ್ನು ಸುಮ್ನೆ ಮೇಲಿಟ್ಟು ನೋಡಿದಾಗಲೇ ಅಸಲಿ ಕಳ್ಳ ಸಿಕ್ಕಿದ್ದು. ಡೆಕ್ ನೋಡೋಕೆ ಚಪ್ಪಟೆ, ಆದರೆ ನೀರು ಹರಿದುಹೋಗಲಿ ಅಂತ ನಡುವೆ ಉಬ್ಬಿ ಎರಡೂ ಬದಿಗೆ ಇಳಿದಿರುತ್ತದೆ. ಚೌಕಟ್ಟು ನಡುವೆ ಕೂತಿತ್ತು, ಅಂಚುಗಳಲ್ಲಿ 4 ಮಿಲಿಮೀಟರ್ ಸಂದಿ. ಹಿಂದೆ ಯಾರೋ ಸ್ಕ್ರೂ ಬಿಗಿದು ಬಿಗಿದು ಆ ಸಂದಿ ಮುಚ್ಚಿದ್ದರು ಅನ್ಸುತ್ತೆ. ಹಾಗೆ ಬಿಗಿದರೆ ಚೌಕಟ್ಟೇ ಬಾಗುತ್ತದೆ, ಮುಚ್ಚಳ ಬಾಗುವುದಿಲ್ಲ, ರಬ್ಬರ್ ಗ್ಯಾಸ್ಕೆಟ್ ಎಲ್ಲೋ ಒಂದು ಕಡೆ ತಾಗದೇ ಉಳಿಯುತ್ತದೆ. ಹೊರಗೆ ನಾನು ಎಷ್ಟು ಟ್ಯೂಬ್ ಬಳಿದರೂ ಏನು ಪ್ರಯೋಜನ, ಅಲ್ವಾ?

ಅದಕ್ಕೆ, ಎಪಾಕ್ಸಿ ಹಿಡಿದುಕೊಳ್ಳದಿರಲಿ ಅಂತ ಚೌಕಟ್ಟಿನ ಅಡಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ, ಮೇಣ ಸವರಿ, ಡೆಕ್ ಮೇಲೆ ಸುತ್ತಲೂ ಗಟ್ಟಿ ಎಪಾಕ್ಸಿ ಹಾಕಿ, ಚೌಕಟ್ಟನ್ನು ಅದರ ಮೇಲೆ ಮೆಲ್ಲಗೆ ಕೂರಿಸಿದೆ. ಸ್ಕ್ರೂ ಹಾಕಲಿಲ್ಲ. ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು ಕಟ್ಟಿದೆ. ನಡುವೆ ಅವು ಒಂದಕ್ಕೊಂದು ಸವರಿಕೊಂಡು ಹೋದರೆ ಚೌಕಟ್ಟು ತಿರುಚಿಲ್ಲ ಎಂದರ್ಥ. (ಇದನ್ನು ಎರಡು ಸಲ ಮಾಡಿ, ದಾರಗಳ ಮೇಲೆ ಕೆಳಗೆ ಬದಲಿಸಿ. ಒಂದೇ ಸಲ ನೋಡಿದರೆ ಮೇಲಿನ ದಾರ ಸಂದಿ ಬಿಟ್ಟಿದ್ದು ಗೊತ್ತಾಗುತ್ತದೆ, ಕೆಳಗಿನದನ್ನು ಒತ್ತುತ್ತಿದ್ದರೆ ಗೊತ್ತಾಗುವುದಿಲ್ಲ.) ಚಳಿಗೆ ಎಪಾಕ್ಸಿ ಗಟ್ಟಿಯಾಗೋಕೆ ಮೂರು ದಿನ ಹಿಡಿಯಿತು. ಮೇಲೆ ಬಂದ ಅಂಟು ಪೊರೆಯನ್ನು ಮೊದಲು ನೀರಲ್ಲಿ ತೊಳೆದು, ಆಮೇಲೆ ಉಜ್ಜುಕಾಗದ.

ಸೀಲ್ ಮಾಡೋದು ಇಷ್ಟೆಲ್ಲಾ ಆದ ಮೇಲೆ ಅರ್ಧ ದಿನದ ಕೆಲಸ. ನಾನು ಬ್ಯೂಟೈಲ್ ಟೇಪ್ ಹಾಕಿದೆ, ಅಂದರೆ ಮೆತ್ತನೆಯ ಅಂಟು ರಬ್ಬರ್ ಪಟ್ಟಿ. ಅದು ಗಟ್ಟಿಯಾಗುವುದೇ ಇಲ್ಲ, ನಾಳೆ ಬಿಚ್ಚಬೇಕಾದರೂ ಬಿಚ್ಚಬಹುದು. ಪಾಲಿಯುರೇಥೇನ್ ಅಂಟು ಹಾಕುವವರೂ ಇದ್ದಾರೆ, ಹಾಕಲಿ, ಆದರೆ ಅದನ್ನು ಅಕ್ರಿಲಿಕ್‌ಗೆ ತಾಗಿಸಬೇಡಿ. ಪ್ರತಿ ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿದರೆ ಸ್ಕ್ರೂ ಸುತ್ತ ಬ್ಯೂಟೈಲ್ ಉಂಗುರದ ಹಾಗೆ ಕೂರುತ್ತದೆ. ಸ್ಕ್ರೂಗೆ ತುಕ್ಕು ತಡೆಯುವ ಪೇಸ್ಟನ್ನೂ ಹಚ್ಚಿದೆ, ಯಾಕೆಂದರೆ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪಕ್ಕದ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಬಿಗಿಯುವಾಗ ಮೇಲಿಂದ ಸ್ಕ್ರೂ ತಿರುಗಿಸಬಾರದು, ಕೂತ ಸೀಲ್ ಕಿತ್ತುಬರುತ್ತದೆ. ನಾನು ಮೇಲೆ ಸ್ಕ್ರೂಡ್ರೈವರ್ ಹಿಡಿದು ಅಲ್ಲಾಡದೇ ಕೂತೆ, ಗಂಡ ಒಳಗೆ ಅಂಗಾತ ಮಲಗಿ ನಟ್ ತಿರುಗಿಸುತ್ತಾ ನನಗೂ ದೋಣಿಗೂ ಸೇರಿಸಿ ಬೈದ. ಒಂದೇ ಸಲ ಪೂರ್ತಿ ಬಿಗಿಯಲಿಲ್ಲ, ನಾಲ್ಕು ದಿನ ದಿನಕ್ಕೆ ಸ್ವಲ್ಪ ಸ್ವಲ್ಪ.

ಕೊನೆಗೆ ಪೈಪ್ ಹಿಡಿದು ನೀರು ಬಿಟ್ಟೆವು, ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ, ಒಂದೊಂದು ಬದಿಗೆ ಹತ್ತು ನಿಮಿಷ. ಹ್ಯಾಚ್ ಸುತ್ತ ಒಣ. ಖುಷಿಯಲ್ಲಿ ಇಡೀ ಮುಂಭಾಗಕ್ಕೇ ನೀರು ಹೊಡೆದೆ. ಒಳಗಿಂದ ಗಂಡನ ದನಿ: "ತಲೆದಿಂಬಿನ ಮೇಲೆ ಹನಿ!"

ಒಳಗಿನ ಹೊದಿಕೆ ಬಿಚ್ಚಿ ನೋಡಿದರೆ, ಒಂದೂವರೆ ಅಡಿ ಮುಂದೆ, ಹಗ್ಗ ಕಟ್ಟುವ ಕ್ಲೀಟಿನ ಬೋಲ್ಟಿನಿಂದ ನೀರು ಹೊದಿಕೆಯ ಬೆನ್ನು ಹಿಡಿದು ಬಂದು ಹ್ಯಾಚಿನ ಮೂಲೆಯಲ್ಲಿ ತೊಟ್ಟಿಕ್ಕುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಬ್ಯೂಟೈಲ್ ಅರ್ಧ ರೋಲ್ ಉಳಿದಿದೆ, ಶನಿವಾರ ಕ್ಲೀಟ್ ಬಿಚ್ಚುತ್ತೇನೆ.