ಹತ್ತನೇ ಕ್ಲಾಸಿಗೂ ಪಿಟಿ ಬೇಕಾ ಟೀಚರ್?

ಪೇರೆಂಟ್ಸ್ ಮೀಟಿಂಗ್ ದಿನ ಒಬ್ರಾದ್ರೂ ಕೇಳಿಯೇ ಕೇಳ್ತಾರೆ, ಬಸ್ಸಲ್ಲಿ ಸಿಕ್ಕಿದವ್ರೂ ಕೇಳ್ತಾರೆ, "ಎಸ್ಎಸ್ಎಲ್‌ಸಿ ಮಕ್ಕಳಿಗೆ ಪಿಟಿ, ಯಕ್ಷಗಾನ, ಸ್ಕೌಟ್ಸ್ ಎಲ್ಲ ಎಂತಕ್ಕೆ, ಆ ಟೈಮಲ್ಲಿ ನಾಲ್ಕು ಲೆಕ್ಕ ಮಾಡಿಸಬಹುದಲ್ವಾ?" ನಾನು ಉಡುಪಿ ಹತ್ರ ಚರ್ಚಿನವ್ರು ನಡೆಸುವ ಹೈಸ್ಕೂಲಲ್ಲಿ ಲೆಕ್ಕದ ಟೀಚರ್. ನನ್ನ ಉತ್ತರ ಒಂದೇ, ಬೇಕು.

ಹೆತ್ತವರ ಹೆದರಿಕೆ ಅರ್ಥ ಆಗ್ತದೆ. 2024ರಲ್ಲಿ ರಿಸಲ್ಟಲ್ಲಿ ಉಡುಪಿ ಫಸ್ಟು, 2025ರಲ್ಲಿ ದಕ್ಷಿಣ ಕನ್ನಡ ಫಸ್ಟು, 625ರಲ್ಲಿ ಎಷ್ಟು ಅಂತ ನೆಂಟರಿಷ್ಟರೆಲ್ಲ ಕೇಳುವ ಊರು ನಮ್ದು.

ಆದ್ರೆ ಇದೆಲ್ಲ ನಾವು ಈಗ ಹೊಸ್ತಾಗಿ ಸೇರಿಸಿದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪ್ರೊಟೆಸ್ಟೆಂಟ್ ಮಿಷನರಿಗಳು ಶಾಲೆ ಮಾತ್ರ ಅಲ್ಲ, ಪ್ರೆಸ್ಸು, ನೇಯ್ಗೆ, ಹಂಚಿನ ಕಾರ್ಖಾನೆ ಅಂತ ಕೈಕೆಲಸವನ್ನೂ ಬೆಳೆಸಿದ್ರು. ಕೆಥೋಲಿಕ್ ಶಾಲೆಗಳಿಗಾದ್ರೆ 1965ರ ವ್ಯಾಟಿಕನ್ ಘೋಷಣೆಯಲ್ಲೇ ಮಕ್ಕಳ ಮೈ, ಬುದ್ಧಿ, ನಡತೆ ಒಟ್ಟೊಟ್ಟಿಗೆ ಬೆಳೀಬೇಕು ಅಂತ ಉಂಟು.

ಒಬ್ಬ ಹುಡುಗ ಇದ್ದ, ಮಲ್ಪೆಯಲ್ಲಿ ಬೋಟಿಗೆ ಹೋಗುವವರ ಮನೆಯವ. ನನ್ನ ಕ್ಲಾಸಲ್ಲಿ ಹೆಸರು ಕರೆದ್ರೂ ತಲೆ ಎತ್ತುತ್ತಿರ್ಲಿಲ್ಲ, ಇವ ದಡ್ಡ ಅಂತಲೇ ನಾನು ತಿಳ್ಕೊಂಡಿದ್ದೆ. ಒಂದು ದಿನ ಸ್ಕೌಟ್ಸಲ್ಲಿ ಗಂಟು ಹಾಕ್ಲಿಕ್ಕೆ ಕಲಿಸ್ತಿದ್ರು, ನಾನು ವರಾಂಡದಲ್ಲಿ ನಿಂತು ನೋಡ್ತಾ ಇದ್ದೆ, ಸರ್ ಇನ್ನೂ ವಿವರಿಸ್ತಾ ಇರುವಾಗ್ಲೇ ಇವ ಹಿಂದಿನ ಸಾಲಲ್ಲಿ ಕೈ ಕಡೆ ನೋಡದೇ ಹಗ್ಗವನ್ನ ಎರಡು ಸುತ್ತು ಹಾಕಿ ಎಳೆದ, ಗಂಟು ಬಿಗಿ, ಮತ್ತೆ ಒಂದು ತುದಿ ಎಳೆದ, ಗಂಟೇ ಇಲ್ಲ! "ಇನ್ನೊಮ್ಮೆ ಮಾಡು ಮಾರಾಯ" ಅಂತ ಮಕ್ಕಳೆಲ್ಲ ಸುತ್ತ ಸೇರಿದ್ರು. ಸರ್ ಹಗ್ಗ ಅವನ ಕೈಗೇ ಕೊಟ್ಟು, ನೀನೇ ಕಲಿಸು ಅಂದ್ರು.

ಅದಾಗಿ ಸ್ವಲ್ಪ ದಿನಕ್ಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ಪುಸ್ತಕ ಹಿಡ್ಕೊಂಡು ನಿಂತಿದ್ದ. "ಟೀಚರ್, ಈ ತ್ರಿಭುಜದ್ದು ಗೊತ್ತಾಗ್ಲಿಲ್ಲ." ಎಂಟನೇ ಕ್ಲಾಸಿಂದ ನನ್ನ ಹತ್ರ ಅವ ಕೇಳಿದ ಮೊದಲನೇ ಡೌಟ್ ಅದು. ರ್‍ಯಾಂಕ್ ಏನೂ ಬರ್ಲಿಲ್ಲ, ಫಸ್ಟ್ ಕ್ಲಾಸಲ್ಲಿ ಪಾಸಾದ, ಈಗ ಐಟಿಐ ಮಾಡ್ತಾ ಇದ್ದಾನೆ.

ಇನ್ನು ಕೆಲವ್ರು ಮೆಲ್ಲಗೆ ಕೇಳುವುದುಂಟು, ಧರ್ಮ ಕಲಿಸ್ತೀರಾ ಅಂತ. ನಮ್ಮಲ್ಲಿ ಕೆಥೋಲಿಕ್ ಮಕ್ಕಳಿಗೆ ಧರ್ಮೋಪದೇಶ, ಅದೇ ಹೊತ್ತಿಗೆ ಉಳಿದ ಮಕ್ಕಳಿಗೆ ಮೌಲ್ಯಶಿಕ್ಷಣ, ಅಷ್ಟೇ.

ತಪ್ಪು ನಮ್ಮ ಕಡೆಯೂ ಉಂಟು. ಜನವರಿ ಬಂದ್ರೆ ಸಾಕು, ಪೋರ್ಶನ್ ಮುಗೀಲಿಲ್ಲ ಅಂತ ಪಿಟಿ ಪೀರಿಯಡ್ಡನ್ನ ಮೊದ್ಲು ಕೇಳ್ತಿದ್ದದ್ದು ನಾನೇ. ಆ ಹುಡುಗ ಹೋದ ಮೇಲೆ ಒಮ್ಮೆಯೂ ಕೇಳ್ಲಿಲ್ಲ, ರಿವಿಷನ್ನಿಗೆ ಬೆಳಿಗ್ಗೆ ಅರ್ಧ ಗಂಟೆ ಬೇಗ ಬರ್ತೇನೆ.