ಒಂದು ಸಾಲು ಹಿಡಿದಿಟ್ಟ ಫೈಲು

ಮೇಲ್ ಸರ್ವರ್‌ನಲ್ಲಿ ಅಪ್‌ಗ್ರೇಡ್ ಮುಗಿಸಿ, ಮೇಲ್ ಕಳಿಸುವ-ಪಡೆಯುವ ಸಾಫ್ಟ್‌ವೇರ್ ಆದ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದೆ. ಅದು ಏಳಲೇ ಇಲ್ಲ. ಲಾಗ್ ತೆರೆದರೆ ಕೊನೆಯಲ್ಲಿ ಒಂದು ಫೇಟಲ್ ಎರರ್: ‘ಸಬ್‌ಮಿಷನ್ಸ್’ ಎಂಬ ಸರ್ವೀಸ್ ಹೆಸರು ಗೊತ್ತಿಲ್ಲ. ಪೋಸ್ಟ್‌ಫಿಕ್ಸ್ ಯಾವ ಯಾವ ಸರ್ವೀಸ್ ನಡೆಸಬೇಕು ಎಂದು ಬರೆದಿಡುವ ಮಾಸ್ಟರ್ ಡಾಟ್ ಸಿಎಫ್ ಫೈಲಿನಲ್ಲಿ ಇಂಥ ಒಂದು ಹೆಸರಿಗೆ ಪೋರ್ಟ್, ಅಂದರೆ ಆ ಸರ್ವೀಸಿನ ಬಾಗಿಲ ನಂಬರ್, ಸಿಗದಿದ್ದರೆ ಸಾಕು, ಮಾಸ್ಟರ್ ಪ್ರೋಸೆಸ್ಸೇ ನಿಂತುಹೋಗುತ್ತದೆ. 25ನೇ ಪೋರ್ಟಿನಲ್ಲಿ ಹೊರಗಿನಿಂದ ಬರುವ ಮೇಲ್ ಕೂಡ ಬಂದ್. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ ಎಂದು ಗೊತ್ತಿತ್ತು. ಆದರೂ ಎದೆ ಡವಡವ ಅನ್ನುತ್ತಿತ್ತು.

ಹಿಂದಿನ ದಿನ ಟೆಸ್ಟ್ ಮೆಷಿನ್‌ನಲ್ಲಿ ಇದೇ ಮಾಸ್ಟರ್ ಡಾಟ್ ಸಿಎಫ್ ಸಲೀಸಾಗಿ ಓಡಿತ್ತು. ‘ಸರ್, ಎರಡರಲ್ಲೂ ಡೆಬಿಯನ್ ಲಿನಕ್ಸ್, ಪ್ಯಾಕೇಜ್ ವರ್ಷನ್ನೂ ಒಂದೇ ಅಲ್ವಾ?’ ಅಂತ ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ ಕೇಳಿದರು. ಒಂದೇ. ಸಾಲು ಸಾಲಾಗಿ ಹೋಲಿಸಿ ನೋಡಿದ್ದೆವು.

‘ಸಬ್‌ಮಿಷನ್ಸ್’ ಅನ್ನುವುದು ಬಳಕೆದಾರರು ಮೇಲ್ ಕಳಿಸಲು ಬಳಸುವ 465ನೇ ಪೋರ್ಟಿನ ಹೆಸರು. ಈ ಪೋರ್ಟ್ ಹಲವು ಹೆಸರು ಕಂಡಿದೆ. ಮೊದಲು ‘ಎಸ್‌ಎಂಟಿಪಿಎಸ್’ ಅಂದರು, ಆಮೇಲೆ ಆ ಹೆಸರು ತೆಗೆದು ಪೋರ್ಟನ್ನು ಮೇಲ್‌ಗೆ ಸಂಬಂಧವೇ ಇಲ್ಲದ ‘ಯುಆರ್‌ಡಿ’ಗೆ ಕೊಟ್ಟರು. ಮೇಲ್‌ನವರು ಮಾತ್ರ ಅದನ್ನು ಬಿಡಲಿಲ್ಲ. 2018ರಲ್ಲಿ ಇಂಟರ್ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 8314 ‘ಸಬ್‌ಮಿಷನ್ಸ್’ ಎಂಬ ಹೆಸರು ಕೊಟ್ಟಿತು. ಹೊಸ ಹೆಸರೇ ಸರಿ ಅಂತ ನಾನು ಅದನ್ನೇ ಬರೆದಿದ್ದೆ.

ಟೆಸ್ಟ್ ಮೆಷಿನ್‌ನಲ್ಲಿ ಹೆಸರಿಗೆ ಯಾವ ಪೋರ್ಟ್ ಎಂದು ಹೇಳುವ ‘ಗೆಟೆಂಟ್ ಸರ್ವೀಸಸ್ ಸಬ್‌ಮಿಷನ್ಸ್’ ಕಮಾಂಡ್ ಟೈಪ್ ಮಾಡಿದೆ. 465 ಎಂದು ಬಂತು. ಮೇಲ್ ಸರ್ವರ್‌ನಲ್ಲಿ ಅದೇ ಕಮಾಂಡ್ ಕೊಟ್ಟರೆ ಏನೂ ಬರಲಿಲ್ಲ, ಬರೀ ಪ್ರಾಂಪ್ಟ್. ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಡೈರೆಕ್ಟರಿಯಲ್ಲಿ ಲಿಸ್ಟ್ ತೆಗೆದೆ. ಪೋರ್ಟ್‌ಗಳ ಹೆಸರು ಮತ್ತು ನಂಬರ್‌ಗಳ ಪಟ್ಟಿಯಾದ ‘ಸರ್ವೀಸಸ್’ ಫೈಲಿನ ಪಕ್ಕದಲ್ಲೇ ‘ಸರ್ವೀಸಸ್ ಡಾಟ್ ಡಿಪಿಕೆಜಿ-ಡಿಸ್ಟ್’ ಇತ್ತು.

ಆ ಸಾಲು ನೆನಪಿಗೆ ಬಂದದ್ದು ಆಗಲೇ. ವರ್ಷಗಳ ಹಿಂದೆ ನಮ್ಮದೇ ಒಂದು ಅಪ್ಲಿಕೇಶನ್‌ಗೆ ಅಂಕಿಯ ಬದಲು ಹೆಸರಿದ್ದರೆ ಓದಲು ಸುಲಭ ಎಂದು ‘ಸರ್ವೀಸಸ್’ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಆ ಫೈಲ್ ನನ್ನದಲ್ಲ, ನೆಟ್‌ಬೇಸ್ ಎಂಬ ಪ್ಯಾಕೇಜಿನದು. ಅವತ್ತಿನಿಂದ, ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯ ಲೆಕ್ಕದಲ್ಲಿ ಅದು ‘ಯಾರೋ ತಿದ್ದಿದ ಫೈಲ್’. ಪ್ಯಾಕೇಜಿನಲ್ಲಿ ಹೊಸ ಪ್ರತಿ ಬಂದಾಗ ಹಳೆಯದನ್ನು ಇಟ್ಟುಕೊಳ್ಳಲೇ ಎಂದು ಅದು ಕೇಳುತ್ತದೆ. ನಮ್ಮ ಅಪ್‌ಗ್ರೇಡ್ ಸ್ಕ್ರಿಪ್ಟ್ ಪ್ರತಿ ಸಲವೂ ತಾನಾಗಿ ‘ಹೂಂ’ ಅನ್ನುತ್ತಿತ್ತು. ಪ್ಯಾಕೇಜಿನ ವರ್ಷನ್ ಮುಂದೆ ಹೋಯಿತು, ಫೈಲ್ ಮಾತ್ರ ಅಲ್ಲೇ ನಿಂತಿತು. ‘ಸಬ್‌ಮಿಷನ್ಸ್’ ಇದ್ದ ಹೊಸ ಪ್ರತಿ ಡಿಪಿಕೆಜಿ-ಡಿಸ್ಟ್ ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಉಳಿಯಿತು.

ಒಂದು ಪ್ಯಾಕೇಜ್ ಇನ್ನೊಂದರ ಕಾನ್ಫಿಗ್ ಫೈಲನ್ನು ನೇರವಾಗಿ ಮುಟ್ಟಬಾರದು ಎನ್ನುವುದು ಡೆಬಿಯನ್ ಪಾಲಿಸಿ. ಬೇಕಿದ್ದರೆ ಫೈಲಿನ ಒಡೆತನ ಇರುವ ಪ್ಯಾಕೇಜೇ ಅದಕ್ಕೊಂದು ಪ್ರೋಗ್ರಾಂ ಕೊಡಬೇಕು. ಇದು ಅತಿ ಕಟ್ಟುನಿಟ್ಟಿನ ನಿಯಮ ಅಂತ ನನಗೆ ಮೊದಲೆಲ್ಲ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ನಮ್ಮ ಸಾಲುಗಳಿಗೆಂದೇ ಕಾನ್ಫ್ ಡಾಟ್ ಡಿ ಡೈರೆಕ್ಟರಿ ಇರುತ್ತದೆ. ‘ಸರ್ವೀಸಸ್’ಗೆ ಆ ಅನುಕೂಲ ಇಲ್ಲ. ಒಂದೇ ಫೈಲ್, ಎಲ್ಲರೂ ಓದುವುದು ಅದನ್ನೇ. ಪೋಸ್ಟ್‌ಫಿಕ್ಸ್‌ನವರು 3.6ರಿಂದ ತಮಗೆ ಬೇಕಾದ ಪೋರ್ಟ್ ಹೆಸರುಗಳನ್ನು ತಮ್ಮದೇ ಸೆಟ್ಟಿಂಗ್‌ನಲ್ಲಿ ಇಟ್ಟುಕೊಂಡರು, ಅದಕ್ಕೆ ಕಾರಣವೇ ಈ 465ರ ಹೆಸರಿನ ಗೊಂದಲ. ನಮ್ಮಲ್ಲಿದ್ದದ್ದು ಅದಕ್ಕಿಂತ ಹಳೆಯದು.

ನಮ್ಮ ಅಪ್ಲಿಕೇಶನ್‌ನ ಕಾನ್ಫಿಗ್‌ನಲ್ಲಿ ಹೆಸರು ತೆಗೆದು ಪೋರ್ಟ್ ನಂಬರನ್ನೇ ಬರೆದೆ. ಡಿಪಿಕೆಜಿ-ಡಿಸ್ಟ್ ಪ್ರತಿಯನ್ನು ‘ಸರ್ವೀಸಸ್’ ಜಾಗಕ್ಕೆ ತಂದೆ. ಪೋಸ್ಟ್‌ಫಿಕ್ಸ್ ತನ್ನ ಕ್ರೂಟ್ (ಉಳಿದ ಸಿಸ್ಟಂನಿಂದ ಬೇರ್ಪಡಿಸಿದ ಡೈರೆಕ್ಟರಿ) ಒಳಗೂ ಈ ಫೈಲಿನ ಒಂದು ನಕಲು ಇಟ್ಟುಕೊಳ್ಳುತ್ತದೆ, ಸ್ಟಾರ್ಟ್ ಆದ ಮೇಲೆ ಅದೂ ಹೊಸದಾಯಿತೇ ಎಂದು ಡಿಫ್ ಹಾಕಿ ನೋಡಿದೆ. ವ್ಯತ್ಯಾಸ ಇರಲಿಲ್ಲ. ಲಾಗ್‌ನಲ್ಲಿ ಮೇಲ್‌ಗಳು ಒಂದರ ಹಿಂದೆ ಒಂದು ಬರತೊಡಗಿದವು.

ಅವತ್ತೇ ಕೂತು ಉಳಿದ ಮೆಷಿನ್‌ಗಳ ಇಟಿಸಿಯಲ್ಲೂ ಡಿಪಿಕೆಜಿ-ಡಿಸ್ಟ್ ಫೈಲುಗಳನ್ನು ಹುಡುಕಿದೆವು. ಸಿಕ್ಕವು. ಒಂದೊಂದನ್ನೇ ತೆರೆದು, ಯಾವ ಸಾಲು ಯಾಕೆ ಸೇರಿತ್ತು ಎಂದು ಕೇಳಿಕೊಂಡು ಸರಿ ಮಾಡಿದೆವು. ಆ ಹುಡುಕಾಟ ಈಗ ಅಪ್‌ಗ್ರೇಡ್ ಸ್ಕ್ರಿಪ್ಟಿನ ಕೊನೆಯ ಹೆಜ್ಜೆ. ಒಂದು ಫೈಲ್ ಸಿಕ್ಕರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.